ಹಡ್ಸನ್ ಸ್ಮಾರಕ ದೇವಾಲಯ, ಬೆಂಗಳೂರು: ನೈಟ್ ಡ್ಯೂಟಿ ಮುಗಿಸಿ ಬಂದವಳಿಗೂ ಇಲ್ಲಿ ಜಾಗ ಇದೆ

ನರ್ಸ್ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಮೂರು ವರ್ಷ ಆಯ್ತು. ಮೊದಲ ಎಂಟು ತಿಂಗಳು ನನ್ನದು ಅಂತ ಹೇಳಿಕೊಳ್ಳಲು ಇಲ್ಲಿ ಒಂದು ಚರ್ಚ್ ಸಭೆ ಇರಲಿಲ್ಲ. ಭಾನುವಾರ ಪೀಜಿಯ ಮಂಚದ ಮೇಲೆ ಕೂತು ಫೋನಿನಲ್ಲಿ ಆರಾಧನೆ ನೋಡುತ್ತಿದ್ದೆ. ಊರಿಂದ ಅವ್ವ ಫೋನ್ ಮಾಡಿ "ದೇವಾಲಯಕ್ಕ ಹೋಗಿದ್ಯೇನವಾ?" ಅಂದರೆ ಮಾತು ಬೇರೆ ಕಡೆ ತಿರುಗಿಸುತ್ತಿದ್ದೆ. ನನ್ನ ಹಾಗೆ ಗದಗ, ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬಂದು ಇಲ್ಲಿ ಒಬ್ಬೊಬ್ಬರೇ ಇರುವ ಮಂದಿಗೆ ಉಪಯೋಗ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಾನು ಹುಡುಕಲಿಲ್ಲ ಅಂತಲ್ಲ. ನಾಲ್ಕು ಕಡೆ ಹೋಗಿ ಬಂದಿದ್ದೆ, ಹೆಸರು ಬೇಡ. ಒಂದು ಕಡೆ ಹೊಸಬರನ್ನೆಲ್ಲ ಎದ್ದು ನಿಲ್ಲಿಸಿ ಚಪ್ಪಾಳೆ ತಟ್ಟಿದರು, ಫಾರಂ ತುಂಬಿಸಿಕೊಂಡರು. ಮರುವಾರ ಹೋದರೆ ಅದೇ ಬಾಗಿಲಲ್ಲಿ ಅದೇ ಮನುಷ್ಯ ಅದೇ ಫಾರಂ ಕೈಗಿಟ್ಟು "ಮೊದಲ ಸಲ ಬರ್ತಿದ್ದೀರಾ?" ಅಂತ ಕೇಳಿದರು. ಅವತ್ತು ಅಲ್ಲಿಂದ ವಾಪಸ್ ಬಂದು ಬಹಳ ಅತ್ತೆ. ಇನ್ನೊಂದು ಕಡೆ ಎಲ್ಲವೂ ಇಂಗ್ಲಿಷ್. ಇಂಗ್ಲಿಷ್ ನನಗೆ ಬರುತ್ತದೆ, ವಾರ್ಡಿನಲ್ಲಿ ದಿನವಿಡೀ ಬರೆಯುವುದು ಅದನ್ನೇ. ಆದರೆ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತರೆ ಬಾಯಿಗೆ ಬರುವುದು ಕನ್ನಡ.

ಹಡ್ಸನ್ ಸರ್ಕಲ್ ಹೆಸರು ಬೆಂಗಳೂರಿನಲ್ಲಿ ಯಾರಿಗೆ ಗೊತ್ತಿಲ್ಲ? ಬಸ್ಸಿನಲ್ಲಿ ಎಷ್ಟೋ ಸಲ ಅದನ್ನು ದಾಟಿದ್ದೆ. ಕಾರ್ಪೊರೇಷನ್ ಕಟ್ಟಡದ ಎದುರಿಗಿರುವ ಆ ಕಲ್ಲಿನ ದೇವಾಲಯ ಕನ್ನಡದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯದು ಅಂತ ಮಾತ್ರ ತಿಳಿದಿರಲಿಲ್ಲ. ಜೊತೆಯ ನರ್ಸ್ ಒಬ್ಬಳು ಹೇಳಿದ ಮೇಲೆ ಹೋದೆ. ಜೋಸಾಯಾ ಹಡ್ಸನ್ ಅನ್ನುವ ವೆಸ್ಲಿಯನ್ ಮಿಷನರಿಯ ನೆನಪಿಗೆ 1904ರಲ್ಲಿ ಕಟ್ಟಿದ್ದು. ಇಲ್ಲಿ ಶಾಲೆ, ಶಿಕ್ಷಣ ಅಂತ ದುಡಿದವರು ಅವರು. ನಮ್ಮ ಗದಗ-ಬೆಟಗೇರಿಯದು ಜರ್ಮನ್, ಸ್ವಿಸ್ ಮಿಷನರಿಗಳ ಬಾಸೆಲ್ ಮಿಷನ್ನಿನ ಬೇರು, ಇವರದು ಇಂಗ್ಲೆಂಡಿನ ಮೆಥೊಡಿಸ್ಟರ ವೆಸ್ಲಿಯನ್ ಬೇರು. ಹಾಗಾಗಿ ಒಂದೆರಡು ಗೀತೆಗಳ ರಾಗ ನಮ್ಮ ಕಡೆಗಿಂತ ಸ್ವಲ್ಪ ಬೇರೆ. ಮೊದಲ ದಿನ ನಾನು ನಮ್ಮೂರಿನ ರಾಗ ಎಳೆದಾಗ ಪಕ್ಕದಲ್ಲಿದ್ದ ಅಜ್ಜಿ ತಿರುಗಿ ನೋಡಿದರು. ತಪ್ಪಾಯಿತೇನೋ ಅಂತ ಬಾಯಿ ಮುಚ್ಚಿದೆ. ಹಾಡು ಮುಗಿದ ಮೇಲೆ ಅವರೇ ಕೇಳಿದರು: "ಯಾವೂರಮ್ಮ ನಿಂದು?" ಬೆಟಗೇರಿ ಅಂದೆ. "ಜರ್ಮನ್ ಆಸ್ಪತ್ರೆ ಬೆಟಗೇರೀನಾ? ನಮ್ಮ ಅತ್ತಿಗೆ ಹೆರಿಗೆ ಅಲ್ಲೇ ಆಗಿದ್ದು!" ಅಂತ ನನ್ನ ಕೈ ಹಿಡಿದುಕೊಂಡರು. ಆ ಆಸ್ಪತ್ರೆಯ ಕಾಂಪೌಂಡಿನಲ್ಲೇ ನಾನು ಆಡಿ ಬೆಳೆದವಳು. ಬೆಂಗಳೂರಿನಲ್ಲಿ ಅದರ ಹೆಸರು ಅವತ್ತಿನವರೆಗೆ ಯಾರ ಬಾಯಲ್ಲೂ ಕೇಳಿರಲಿಲ್ಲ.

ಕಟ್ಟಡದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಚೂಪು ಕಮಾನು, ಬಣ್ಣದ ಗಾಜಿನ ಕಿಟಕಿ, ಹೊರಗೆ ಸದಾ ಹಾರ್ನ್ ಶಬ್ದ. ನನ್ನನ್ನು ಅಲ್ಲಿ ಉಳಿಸಿಕೊಂಡಿದ್ದು ಎರಡು ಸಂಗತಿ.

ಎರಡನೆಯ ತಿಂಗಳು. ಹನ್ನೆರಡು ಗಂಟೆಯ ನೈಟ್ ಡ್ಯೂಟಿ ಮುಗಿಸಿ, ಮುಖ ತೊಳೆದು ಸೀದಾ ದೇವಾಲಯಕ್ಕೆ ಬಂದಿದ್ದೆ. ಆ ರಾತ್ರಿ ವಾರ್ಡಿನಲ್ಲಿ ಒಂದು ಮಗು ತೀರಿಕೊಂಡಿತ್ತು. ಪ್ರಸಂಗ (ಉಪದೇಶ) ಶುರುವಾಗಿ ಐದು ನಿಮಿಷಕ್ಕೆ ನನಗೆ ನಿದ್ದೆ. ಅಜ್ಜಿ ಎಬ್ಬಿಸಲಿಲ್ಲ. ನನ್ನ ತಲೆ ಅವರ ಹೆಗಲ ಮೇಲೆ ವಾಲಿದೆ, ಅವರು ಅಲುಗಾಡದೆ ಕೂತಿದ್ದಾರೆ. ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಎಲ್ಲರೂ ಏಳುವ ಹೊತ್ತಿಗೆ ಮಾತ್ರ ಮೆಲ್ಲಗೆ ಮೊಣಕೈ ತಟ್ಟಿ "ಏಳವ್ವ, ಸಮಾಧಾನ ಬರ್ತಾ ಇದೆ" ಅಂದರು. ನಮ್ಮ ಕಡೆಯವರ ಹಾಗೆ 'ಅವ್ವ' ಅಂದಿದ್ದರು, ನನಗೋಸ್ಕರ.

ಸಮಾಧಾನ ಅಂದರೆ ಸಿಎಸ್‌ಐ ಆರಾಧನೆಯಲ್ಲಿ ಕೈಯಿಂದ ಕೈಗೆ ದಾಟಿಸುವ ವಂದನೆ. ಕೇರಳದ ಸುರಿಯಾನಿ ಕ್ರೈಸ್ತರ ಪದ್ಧತಿಯಿಂದ ತೆಗೆದುಕೊಂಡು 1950ರ ಆರಾಧನಾ ಕ್ರಮದಲ್ಲಿ ಸೇರಿಸಿದ್ದು. ಬರೀ ಕೈ ಕುಲುಕುವುದಲ್ಲ. ಕೊಡುವವರು ತಮ್ಮ ಬಲ ಅಂಗೈಯನ್ನು ನಿಮ್ಮ ಬಲ ಅಂಗೈಗೆ ಒತ್ತಿ ಇಡುತ್ತಾರೆ, ಆಮೇಲೆ ಇಬ್ಬರ ಎಡಗೈಗಳೂ ಅದರ ಮೇಲೆ ಮುಚ್ಚಿಕೊಳ್ಳುತ್ತವೆ. ಸಭಾಪಾಲಕರಿಂದ ಹೊರಟು ಬೆಂಚಿನಿಂದ ಬೆಂಚಿಗೆ ಬರುತ್ತದೆ. ರಾತ್ರಿಯೆಲ್ಲ ಗ್ಲೌಸ್, ಸ್ಯಾನಿಟೈಸರ್ ಹಾಕಿ ಒಣಗಿ ಬಿರುಕು ಬಿಟ್ಟಿದ್ದ ನನ್ನ ಕೈಯನ್ನು ಅಜ್ಜಿ ಎರಡೂ ಕೈಯಲ್ಲಿ ಮುಚ್ಚಿ ಹಿಡಿದಾಗ, ಆ ಮಗುವಿನ ನೆನಪಾಗಿ ಕಣ್ಣೀರು ಬಂತು. ಅವರು ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತು ಹೆಚ್ಚೇ ಹಿಡಿದುಕೊಂಡರು. ನನ್ನ ಆಚೆ ಕೂತಿದ್ದ ಹುಡುಗ ತನ್ನ ಸರದಿಗೆ ಕಾಯುತ್ತ ಸುಮ್ಮನೆ ನಿಂತಿದ್ದ.

ಇನ್ನೊಂದು ಸಂಗತಿ ನಡೆದದ್ದು ಪಂಚಾಶತ್ತಮದ ಹಬ್ಬಕ್ಕೆ, ಅಂದರೆ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದುಬಂದದ್ದನ್ನು ನೆನೆಯುವ ಪೆಂಟೆಕೋಸ್ಟ್ ಹಬ್ಬಕ್ಕೆ. ಸತ್ಯವೇದ ಪಾಠ ಓದಲು ನನಗೆ ಹೇಳಿದರು. ನನ್ನ ಉಚ್ಚಾರ ಉತ್ತರ ಕರ್ನಾಟಕದ್ದು, ಬೇರೆಯವರಿಗೆ ಕೊಡಿ ಅಂದೆ. "ಅದಕ್ಕೇ ನೀವು ಓದಬೇಕು" ಅಂದರು ಸಭಾಪಾಲಕರು. ಅವತ್ತಿನ ಪಾಠ ಅಪೊಸ್ತಲರ ಕೃತ್ಯಗಳ ಎರಡನೆಯ ಅಧ್ಯಾಯ, ಪಾರ್ಥ್ಯರು, ಮೇದ್ಯರು, ಏಲಾಮ್ಯರು ಅಂತ ನಾಲಿಗೆ ತಿರುಗದ ಹೆಸರುಗಳು ಸಾಲಾಗಿ ಬರುವ ಭಾಗ. ಎಲ್ಲ ಊರಿನವರೂ ತಂತಮ್ಮ ಭಾಷೆಯಲ್ಲೇ ಕೇಳಿಸಿಕೊಂಡರು ಅನ್ನುವ ಕಡೆ ನನ್ನ ದನಿ ಸ್ವಲ್ಪ ನಡುಗಿತು. ಬಾಗಿಲಲ್ಲಿ ಫಾರಂ ಕೊಟ್ಟರೆ ನಾವು ಅತಿಥಿಗಳು. ಕೆಲಸ ಕೊಟ್ಟರೆ ಮನೆಯವರು. ನಾನು ಮನೆಯವಳಾಗಿದ್ದು ಅವತ್ತು. ಈಗ ಸುಗ್ಗಿ ಹಬ್ಬದಲ್ಲಿ, ಸಭೆಯವರು ತಂದ ಕಾಣಿಕೆಗಳ ಹರಾಜಿನಲ್ಲಿ ಮಹಿಳೆಯರ ಜೊತೆ ನಾನೂ ಓಡಾಡುತ್ತೇನೆ. ಹೋದ ಸಲ ಅವ್ವ ಕಳಿಸಿದ ಶೇಂಗಾ ಹೋಳಿಗೆ ಡಬ್ಬಿ ಇಟ್ಟಿದ್ದೆ. ಅದಕ್ಕೆ ಕುಂಬಳಕಾಯಿಗಿಂತ ಹೆಚ್ಚು ಬೆಲೆ ಬಂದಿದ್ದನ್ನು ಅವ್ವ ಈಗಲೂ ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಾಳೆ.

ಹೋಗುವವರಿಗೆ ಒಂದೆರಡು ಮಾತು. ಕಾರಿಗಿಂತ ಬಸ್ಸು ವಾಸಿ, ಕಾರ್ಪೊರೇಷನ್ ನಿಲ್ದಾಣದಲ್ಲಿ ಇಳಿದರೆ ರಸ್ತೆ ದಾಟುವುದಷ್ಟೇ ಕೆಲಸ. ದಾಟುವಾಗ ಹುಷಾರು, ಅಲ್ಲಿ ವಾಹನಗಳು ನಾಲ್ಕೂ ಕಡೆಯಿಂದ ನುಗ್ಗುತ್ತವೆ. ಡ್ರಮ್ಸ್, ದೊಡ್ಡ ಪರದೆ ಬೇಕು ಅನ್ನುವವರಿಗೆ ಈ ಹಳೆಯ ಕ್ರಮದ ಆರಾಧನೆ ಒಗ್ಗಲಿಕ್ಕಿಲ್ಲ. ಬಾಯಿಪಾಠದ ಪ್ರಾರ್ಥನೆಯಲ್ಲೇ ನೆಮ್ಮದಿ ಸಿಗುವವರು ಕಣ್ಣು ಮುಚ್ಚಿ ಹೋಗಬಹುದು. ಆರಾಧನೆ ಮುಗಿದ ತಕ್ಷಣ ಹೊರಟುಬಿಡಬೇಡಿ, ಹೊರಗೆ ಅಂಗಳದಲ್ಲಿ ಹತ್ತು ನಿಮಿಷ ನಿಲ್ಲಿ. ಮಾತಾಡಿಸುವವರು ಸಿಗುವುದು ಅಲ್ಲೇ. ನನ್ನ ಕಡೆಯಿಂದ ಐದಕ್ಕೆ ಐದು.

ಬರುವ ಭಾನುವಾರ ನನಗೆ ಡೇ ಡ್ಯೂಟಿ, ಹೋಗಲು ಆಗುವುದಿಲ್ಲ. ಅಜ್ಜಿಗೆ ಇವತ್ತೇ ಹೇಳಿ ಬಂದಿದ್ದೇನೆ. ಹೇಳದೆ ತಪ್ಪಿಸಿದರೆ ಮಧ್ಯಾಹ್ನದೊಳಗೆ ಫೋನ್ ಬರುತ್ತದೆ, "ಯಾಕವ್ವ, ಮೈಗೆ ಹುಷಾರಿಲ್ವಾ?"