ಆರ್‌ಡಿ 350ರ ಒಂದು ಬದಿ ಸೊರಗಿದರೆ: ಪ್ಲಗ್ ನೋಡುವುದೋ, ಕಂಪ್ರೆಷನ್ ಅಳೆಯುವುದೋ, ಲೀಕ್ ಟೆಸ್ಟ್ ಮಾಡುವುದೋ?

ಯಮಹಾದ ಆರ್‌ಡಿ 350 ಬೈಕನ್ನು ಎಸ್ಕಾರ್ಟ್ಸ್ 1983ರಿಂದ ಭಾರತದಲ್ಲಿ ರಾಜದೂತ್ 350 ಎಂಬ ಹೆಸರಿನಲ್ಲಿ ತಯಾರಿಸಿತು. ಅದರ ಎಂಜಿನ್ 347 ಸಿಸಿಯ ಟೂ-ಸ್ಟ್ರೋಕ್. ಸಿಲಿಂಡರ್ ಎರಡು, ಕಾರ್ಬುರೇಟರ್ ಎರಡು, ಪಾಯಿಂಟ್ ಸೆಟ್ (ಕಿಡಿಯ ಹೊತ್ತು ನಿರ್ಧರಿಸುವ ಸ್ವಿಚ್) ಎರಡು, ಕಾಯಿಲ್ (ಕಿಡಿಗೆ ಹೈವೋಲ್ಟೇಜ್ ಕೊಡುವುದು) ಎರಡು. ಪಿಕಪ್ ಬಿದ್ದುಹೋದಾಗ ಕೆಟ್ಟ ಬದಿಯನ್ನು ಸರಿಯಿರುವ ಬದಿಯೊಂದಿಗೆ ಹೋಲಿಸಿ ನೋಡಬಹುದು. ಸಿಂಗಲ್ ಸಿಲಿಂಡರ್ ಗಾಡಿಗೆ ಈ ಅನುಕೂಲವಿಲ್ಲ. ಹೋಲಿಸಲು ನಾವು ಬಳಸಿ ನೋಡಿದ ವಿಧಾನಗಳು ಕೆಲವಿವೆ. ಒಂದಕ್ಕೆ ಕಾಣುವುದು ಇನ್ನೊಂದಕ್ಕೆ ಕಾಣುವುದಿಲ್ಲ.

ಎಲ್ಲಕ್ಕಿಂತ ಅಗ್ಗದ್ದು ಬೆಂಡ್ ಪೈಪಿನ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೋಗುವ ಪೈಪು) ಬಿಸಿ ನೋಡುವುದು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು ಎರಡೂ ಪೈಪಿನ ಮೇಲೆ ನೀರು ಚಿಮುಕಿಸಿ. ನೀರು ಆರದೆ ನಿಂತ ಬದಿ ಕೆಲಸ ಮಾಡುತ್ತಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿಯುವವರು ಕ್ರೋಮ್ ಪೈಪಿಗೆ ಗುರಿಯಿಡಬೇಡಿ. ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ. ಹೆಡ್ಡಿನ ಫಿನ್‌ಗಳಲ್ಲಿ ಒಂದೇ ಜಾಗ ಆರಿಸಿ ಎರಡೂ ಕಡೆ ನೋಡಿ.

ಸತ್ತ ಬದಿ ಗೊತ್ತಾದ ಮೇಲೆ ಪ್ಲಗ್ ಅದಲುಬದಲು ಮಾಡಿ, ಆಮೇಲೆ ಕಾಯಿಲ್. ಪ್ರತಿ ಸಿಲಿಂಡರಿಗೂ ಬೇರೆ ಪಾಯಿಂಟ್, ಬೇರೆ ಕಂಡೆನ್ಸರ್ ಇರುವುದರಿಂದ, ದೋಷ ಯಾವ ಭಾಗದ ಜೊತೆ ಬದಿ ಬದಲಿಸಿತೋ ಅದೇ ಕೆಟ್ಟ ಭಾಗ. ಎಂಜಿನ್ ಓಡುತ್ತಿರುವಾಗ ಪ್ಲಗ್ ಕ್ಯಾಪ್ ಕಿತ್ತು ಗಾಳಿಯಲ್ಲಿ ಬಿಡುವ ಅಭ್ಯಾಸ ಕಾಯಿಲನ್ನೇ ಕೊಲ್ಲುತ್ತದೆ. ಆ ಕ್ಯಾಪಿಗೆ ಬೇರೊಂದು ಪ್ಲಗ್ ಸಿಕ್ಕಿಸಿ ಹೆಡ್ಡಿಗೆ ಅರ್ಥ್ ಮಾಡಿಡಿ.

ಪ್ಲಗ್ಗಿನ ಬಣ್ಣ ಓದುವುದಕ್ಕೆ ನಾವು ಎರಡನೆಯ ಸ್ಥಾನವನ್ನೂ ಕೊಡುವುದಿಲ್ಲ. ಈಗಿನ ಪೆಟ್ರೋಲಿನಲ್ಲಿ ಬಣ್ಣ ಬೇಗ ಹತ್ತುವುದಿಲ್ಲ, ಐಡ್ಲಿಂಗ್‌ನಲ್ಲಿ ಹತ್ತಿದ ಮಸಿ ದಾರಿ ತಪ್ಪಿಸುತ್ತದೆ. ಆದರೆ ಒಂದೇ ನಂಬರಿನ ಎರಡು ಪ್ಲಗ್‌ಗಳಲ್ಲಿ ಒಂದು ಕಂದು, ಇನ್ನೊಂದು ಸುಣ್ಣದಂತೆ ಬಿಳಿ ಇದ್ದರೆ ಗಾಡಿ ನಿಲ್ಲಿಸಿ. ಬಿಳಿಯ ಬದಿಗೆ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲ್ ಸಾಲುತ್ತಿಲ್ಲ. ಹಾಗೇ ಓಡಿಸಿದರೆ ಪಿಸ್ಟನ್ ಸೀಜ್ ಆಗುತ್ತದೆ, ಅಂದರೆ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುತ್ತದೆ.

ಕಂಪ್ರೆಷನ್ ಗೇಜ್ ಬಹುತೇಕ ಗ್ಯಾರೇಜುಗಳಲ್ಲಿದೆ. ಎಂಜಿನ್ ಬಿಸಿ ಮಾಡಿ, ಎರಡೂ ಪ್ಲಗ್ ಬಿಚ್ಚಿ ಅರ್ಥ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು, ಮುಳ್ಳು ಏರುವುದು ನಿಲ್ಲುವವರೆಗೆ ಕಿಕ್ ಹೊಡೆಯಬೇಕು. ಮುಳ್ಳು ತೋರಿಸುವ ಅಂಕಿಗಿಂತ ಎರಡು ಬದಿಗಳ ನಡುವಿನ ಅಂತರ ಮುಖ್ಯ. ಬೆಂಗಳೂರು 900 ಮೀಟರಿಗಿಂತ ಎತ್ತರದಲ್ಲಿದ್ದು, ಇಲ್ಲಿಯ ಗಾಳಿಯೊತ್ತಡ ಮಂಗಳೂರಿಗಿಂತ ಹೆಚ್ಚುಕಡಿಮೆ ಶೇ 10 ಕಡಿಮೆ. ಹಾಗಾಗಿ ಕರಾವಳಿಯವರು ಹೇಳಿದ ಅಂಕಿ ಇಲ್ಲಿ ಬರಲಿಲ್ಲವೆಂದು ಬೋರ್ ಮಾಡಿಸಲು ಹೋಗಬೇಡಿ. ಎರಡು ಬದಿಗಳ ನಡುವೆ ಶೇ 10ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ರಿಂಗ್, ಬೋರ್, ಹೆಡ್ ಪ್ಯಾಕಿಂಗ್ ನೋಡಿ. ಫೋರ್-ಸ್ಟ್ರೋಕಿನಂತೆ ಆಯಿಲ್ ಸುರಿದು ಮತ್ತೆ ಅಳೆಯುವುದು ಇಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ಆಯಿಲ್ ಪೋರ್ಟಿನೊಳಗೆ ಇಳಿದುಹೋಗುತ್ತದೆ.

ಗೇಜ್ ನೋಡುವುದು ಪಿಸ್ಟನ್ನಿನ ಮೇಲಿನ ಕೋಣೆಯನ್ನು ಮಾತ್ರ. ಟೂ-ಸ್ಟ್ರೋಕ್ ಉಸಿರಾಡುವುದು ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ತಿರುಗುವ ಕೋಣೆಯಾದ ಕ್ರ್ಯಾಂಕ್‌ಕೇಸಿನಿಂದ. ಎರಡೂ ಬದಿಯ ಕಂಪ್ರೆಷನ್ ಸಮನಾಗಿ ಚೆನ್ನಾಗಿದ್ದೂ ಗಾಡಿ ಎಳೆಯದಿದ್ದರೆ, ಆಕ್ಸಿಲರೇಟರ್ ಬಿಟ್ಟ ಮೇಲೂ ಆರ್‌ಪಿಎಂ ಇಳಿಯಲು ತಡವಾದರೆ, ಕ್ರ್ಯಾಂಕಿನ ಎರಡು ತುದಿಗಳಲ್ಲಿ ಗಾಳಿ ತಡೆಯುವ ಆಯಿಲ್ ಸೀಲಿನ ಮೇಲೆ ಅನುಮಾನ ಪಡಬೇಕು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ಹುಡುಕಿದರೆ ಇನ್‌ಟೇಕ್ ರಬ್ಬರಿನ ಬಿರುಕು ಸಿಗಬಹುದು, ಒಳಗಿನ ಸೀಲ್ ಸಿಗುವುದಿಲ್ಲ. ಬಿಸಿ ಎಂಜಿನ್ ಮೇಲೆ ಬೆಂಕಿಯ ಅಪಾಯ ಬೇರೆ.

ಇದಕ್ಕೆ ಲೀಕ್ ಟೆಸ್ಟ್ ಒಂದೇ ದಾರಿ. ಎರಡೂ ಎಕ್ಸಾಸ್ಟ್ ಬಾಯಿಗೆ ರಬ್ಬರ್ ಹಾಳೆ ಇಟ್ಟು ಪ್ಲೇಟ್ ಬಿಗಿಯಿರಿ. ಕಾರ್ಬುರೇಟರ್ ಕಳಚಿ ಒಂದು ಇನ್‌ಟೇಕ್ ಬಾಯಿಗೆ ಬಿರಡೆ, ಇನ್ನೊಂದಕ್ಕೆ ಗೇಜ್ ಇರುವ ಕೈಪಂಪು ಜೋಡಿಸಿ. ಎರಡೂ ಬದಿಯ ಕ್ರ್ಯಾಂಕ್‌ಕೇಸ್ ಕೋಣೆಗಳ ನಡುವಿನ ಲ್ಯಾಬಿರಿಂತ್ ಸೀಲ್ (ತಾಗದೆ ತಿರುಗುವ ಸೀಲ್) ಪೂರ್ತಿ ಗಾಳಿ ತಡೆಯುವುದಿಲ್ಲ. ಒಂದೇ ಬದಿ ಮುಚ್ಚಿ ಪರೀಕ್ಷಿಸಿದರೆ ಒಳ್ಳೆಯ ಎಂಜಿನ್ ಕೂಡ ಸೋರಿದಂತೆ ಕಾಣುವುದು ಇದರಿಂದಲೇ. ಒತ್ತಡ 6 ಪಿಎಸ್‌ಐಗೆ (ಚದರ ಇಂಚಿಗೆ ಪೌಂಡ್) ಏರಿಸಿ 6 ನಿಮಿಷ ಕಾಯಿರಿ. ನಿಮಿಷಕ್ಕೆ 1 ಪಿಎಸ್‌ಐಗಿಂತ ಹೆಚ್ಚು ಇಳಿಯಬಾರದು. ಕಂಪ್ರೆಸರಿನ ಗಾಳಿ ನೇರವಾಗಿ ಕೊಟ್ಟರೆ ಸೀಲ್ ಕಿತ್ತುಬರುತ್ತದೆ.

ಇಳಿಯುತ್ತಿದ್ದರೆ ಸೋಪು ನೀರು ಹಚ್ಚಿ ಗುಳ್ಳೆ ಹುಡುಕಿ: ಬೇಸ್ ಪ್ಯಾಕಿಂಗ್, ಇನ್‌ಟೇಕ್ ರಬ್ಬರ್, ಪ್ಲಗ್ ಬುಡ, ಆಮೇಲೆ ಡೈನಮೋ ತೆಗೆದು ಎಡ ಸೀಲ್. ಎಡದ್ದು ಹೋಗಿದ್ದರೆ ಹೊರಗಿನ ಗಾಳಿ ಒಳಗೆಳೆದು ಎಡ ಪ್ಲಗ್ ಬೆಳ್ಳಗಾಗುತ್ತದೆ. ಬಲ ಸೀಲ್ ಕ್ಲಚ್ ಬದಿಯ ಗೇರಿನ ಹಿಂದಿದ್ದು ಕಣ್ಣಿಗೆ ಬೀಳುವುದಿಲ್ಲ. ಗೇರ್‌ಬಾಕ್ಸಿನ ಬ್ರೀದರಿಗೆ (ಗಾಳಿ ಹೊರಬಿಡುವ ರಂಧ್ರಕ್ಕೆ) ಸಣ್ಣ ಪೈಪ್ ಸಿಕ್ಕಿಸಿ ತುದಿಯನ್ನು ನೀರಿನಲ್ಲಿ ಮುಳುಗಿಸಿ. ಗುಳ್ಳೆ ಬಂದರೆ ಅದು ಬಲ ಸೀಲಿನ ಸೋರಿಕೆ. ಬಲ ಸೈಲೆನ್ಸರಿನಲ್ಲಿ ದಟ್ಟ ಹೊಗೆ, ಗೇರ್ ಆಯಿಲ್ ಕಾರಣವಿಲ್ಲದೆ ಕಡಿಮೆಯಾಗುವುದು ಇದರ ಜೊತೆಗಾರ ಲಕ್ಷಣಗಳು.

ಲೀಕ್ ಟೆಸ್ಟ್ ಪಾಸಾದ ಮೇಲೆಯೇ ಕಾರ್ಬುರೇಟರ್ ಮುಟ್ಟಿ. ಸೋರುವ ಎಂಜಿನ್ನಿಗೆ ದೊಡ್ಡ ಜೆಟ್ (ಹೆಚ್ಚು ಪೆಟ್ರೋಲ್ ಬಿಡುವ ರಂಧ್ರದ ತುಂಡು) ಹಾಕಿ ಸರಿಮಾಡುವುದು ನಮ್ಮ ಕಡೆ ನಡೆಯುವ ಅತಿ ದುಬಾರಿ ತಪ್ಪು. ಪಾಯಿಂಟ್ ಗ್ಯಾಪ್ 0.3ರಿಂದ 0.4 ಮಿ.ಮೀ. ಒಳಗಿಟ್ಟು, ಡಯಲ್ ಗೇಜಿನಲ್ಲಿ ಟೈಮಿಂಗ್ ಅನ್ನು (ಕಿಡಿ ಹಾರುವ ಹೊತ್ತನ್ನು) ಪಿಸ್ಟನ್ ಟಾಪ್ ಮುಟ್ಟುವುದಕ್ಕಿಂತ 2 ಮಿ.ಮೀ. ಮೊದಲಿಗೆ ಎರಡೂ ಸಿಲಿಂಡರಿಗೆ ಬೇರೆಬೇರೆಯಾಗಿ ಹೊಂದಿಸಿ. ಕೊನೆಗೆ ಒಂದೇ ದಪ್ಪದ ಎರಡು ಡ್ರಿಲ್ ಬಿಟ್‌ಗಳ ಹಿಡಿಯನ್ನು ಕಾರ್ಬುರೇಟರುಗಳ ಎರಡು ಸ್ಲೈಡಿನ (ಆಕ್ಸಿಲರೇಟರ್ ಎತ್ತುವ ಕವಾಟ) ಕೆಳಗಿಟ್ಟು ಎತ್ತರ ಸಮ ಮಾಡಿ, ಕೇಬಲ್ ಸಡಿಲ ಸರಿಪಡಿಸಿ, ಆಟೋಲೂಬ್ ಪಂಪಿನ (ಎಂಜಿನ್ನಿಗೆ ಆಯಿಲ್ ಊಡಿಸುವ ಪಂಪು) ಗುರುತು ಕೂಡುತ್ತದೆಯೇ ಎಂದು ನೋಡಿಕೊಳ್ಳಿ.