ಸ್ಟ್ರೀಟ್ ಫೈಟರ್ 6: ಹೊಸ ಅನಿಮೇಷನ್ ನೋಡೋಕಷ್ಟೇ ಅಲ್ಲ, ಆಡೋಕೂ ಬದಲಾಗಿದೆ

ಇಬ್ಬರು ಎದುರುಬದುರು ಹೊಡೆದಾಡುವ ವಿಡಿಯೋ ಗೇಮ್ ಸ್ಟ್ರೀಟ್ ಫೈಟರ್. ಅದರ ಐದನೆಯ ಭಾಗ ಅನ್‌ರಿಯಲ್ ಎಂಜಿನ್ 4 ಎಂಬ ಹೊರಗಿನ ತಂತ್ರಾಂಶದಲ್ಲಿತ್ತು. 2023ರ ಜೂನ್ 2ಕ್ಕೆ ಬಂದ ಆರನೆಯದನ್ನು ಕ್ಯಾಪ್‌ಕಾಮ್ ತನ್ನ ಆರ್‌ಇ ಎಂಜಿನ್‌ನಲ್ಲಿ ಕಟ್ಟಿತು. ಆಟದ ಪಾತ್ರಗಳಲ್ಲಿ ರ್ಯೂಗೆ ಗಡ್ಡ ಬಂತು, ಕೆನ್‌ನ ಕೂದಲು ಕೊನೆಗೂ ಕೂದಲಿನಂತೆ ಕಾಣುತ್ತಿದೆ. ಆದರೆ ತುಂಬ ಕಾಲ ಆಡಿದ ಮೇಲೆ ಲೆಕ್ಕಕ್ಕೆ ಬರುವುದು ಒಂದೇ: ಎದುರಾಳಿಯ ಹೊಡೆತ ಎಷ್ಟು ಬೇಗ ಗುರುತು ಸಿಗುತ್ತದೆ?

ಆಟ ಓಡುವುದು ಸೆಕೆಂಡಿಗೆ 60 ಫ್ರೇಮ್‌ನಲ್ಲಿ, ಅಂದರೆ 60 ಚಿತ್ರಗಳಲ್ಲಿ. ರ್ಯೂ ನಿಂತು ಹೊಡೆಯುವ ಲೈಟ್ ಪಂಚ್‌ನ (ಹಗುರ ಗುದ್ದು, ಜ್ಯಾಬ್) ಸ್ಟಾರ್ಟಪ್ 4 ಫ್ರೇಮ್: ನಾಲ್ಕನೆಯ ಫ್ರೇಮ್‌ನಲ್ಲೇ ತಾಗುತ್ತದೆ, ಅದಕ್ಕೆ ಮುನ್ನ ಅನಿಮೇಟರ್‌ಗೆ ಸಿಗುವುದು ಬರೀ 3. ಅಷ್ಟರಲ್ಲಿ ಕೈ ಹಿಂದಕ್ಕೆಳೆಯಲು ಜಾಗವೇ ಇಲ್ಲ. ಅದಕ್ಕೇ ಭುಜ ತಿರುಗುವುದು, ಬಟ್ಟೆ ತೂಗುವುದು ಎಲ್ಲವೂ ರಿಕವರಿಯಲ್ಲಿ, ಅಂದರೆ ಹೊಡೆದ ಮೇಲೆ ಮೊದಲಿನ ಭಂಗಿಗೆ ಮರಳುವಾಗ, ಕಾಣುತ್ತದೆ. ಡ್ರೈವ್ ಇಂಪ್ಯಾಕ್ಟ್ ಎಂಬ ಭಾರೀ ಹೊಡೆತಕ್ಕೆ 26 ಫ್ರೇಮ್ ಇರುವುದರಿಂದ ಮೈ ಪೂರ್ತಿ ಹಿಂದೆ ಸರಿದು, ಬಣ್ಣ ಚಿಮ್ಮಿ, ನೋಡಿ ಉತ್ತರ ಕೊಡುವಷ್ಟು ಹೊತ್ತು ಸಿಗುತ್ತದೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ನಡುವೆ ಇರುವವೇ ಕಷ್ಟ. ರ್ಯೂ ಮೇಲಿಂದ ಹಾಕುವ ಕಾಲರ್‌ಬೋನ್ ಬ್ರೇಕರ್ ಹೊಡೆತ 20 ಫ್ರೇಮ್, ಕೂತು ಅಲ್ಲ, ನಿಂತೇ ತಡೆಯಬೇಕು. ಅದೇ ಬರುತ್ತದೆಂದು ಕಾದಿದ್ದರೆ ಮಾತ್ರ ಕೈಗೆ ಸಿಗುತ್ತದೆ. ಅವನು ದೂರದಿಂದ ಎಸೆಯುವ ಶಕ್ತಿಯ ಚೆಂಡು ಹಡೋಕೆನ್. ಅದರ ಮೂರು ಬಗೆಗಳ ನಡುವೆ ಕೆಲವೇ ಫ್ರೇಮ್‌ಗಳ ವ್ಯತ್ಯಾಸ. ಭಂಗಿ ನೋಡಿ ಹೇಳಲಾಗದು, ಚೆಂಡಿನ ವೇಗ ನೋಡಿ.

ನನ್ನ ದೊಡ್ಡ ತಕರಾರು ಡ್ರೈವ್ ರಶ್ ಬಗ್ಗೆ, ಅಂದರೆ ಎದುರಾಳಿಯತ್ತ ನುಗ್ಗುವ ಓಟದ ಬಗ್ಗೆ. ರಶ್‌ನಿಂದ ಬಂದ ಸಾಮಾನ್ಯ ಹೊಡೆತಕ್ಕೆ 4 ಫ್ರೇಮ್ ಲಾಭ ಸೇರುತ್ತದೆ, ಹೊಡೆತದ ಅನಿಮೇಷನ್ ಮಾತ್ರ ಅದೇ. ತಡೆದಾಗ −3 ಇದ್ದದ್ದು (ಹೊಡೆದವರು ನಿಮಗಿಂತ 3 ಫ್ರೇಮ್ ತಡವಾಗಿ ಚೇತರಿಸಿಕೊಳ್ಳುವುದು) +1 ಆಗುತ್ತದೆ, ಅಂದರೆ ಅವರೇ 1 ಫ್ರೇಮ್ ಮುಂದೆ. ನಿಮ್ಮ ಸರದಿ ಎಂದು ಜ್ಯಾಬ್ ಒತ್ತಿದರೆ ಅವರ ಜ್ಯಾಬ್ ಮೊದಲು ತಾಗುತ್ತದೆ. ಗುರುತು ಇರುವುದು ಅದಕ್ಕೂ ಮುಂಚಿನ ಓಟದ ಹಸಿರು ಹೊಳಪಿನಲ್ಲಿ ಮಾತ್ರ.

ಇದಕ್ಕೆ ಟ್ರೇನಿಂಗ್ ಮೋಡ್‌ನಲ್ಲಿ ಮದ್ದಿದೆ. ಹೊಡೆತದ ಫ್ರೇಮ್‌ಗಳನ್ನು ತೋರಿಸುವ ಫ್ರೇಮ್ ಮೀಟರ್ ಆನ್ ಮಾಡಿ, ಡಮ್ಮಿಗೆ (ಅಭ್ಯಾಸದ ಎದುರಾಳಿಗೆ) ಎರಡು ರೆಕಾರ್ಡಿಂಗ್ ಕೊಡಿ: ಒಂದರಲ್ಲಿ ಬರೀ ಹೊಡೆತ, ಇನ್ನೊಂದರಲ್ಲಿ ರಶ್ ಮಾಡಿ ಅದೇ ಹೊಡೆತ. ಯಾವುದು ಬರುತ್ತದೆಂದು ಗೊತ್ತಾಗದಂತೆ ರ್ಯಾಂಡಮ್ ಆಗಿ ಓಡಿಸಿ. ಮೊದಲನೆಯದಕ್ಕೆ ಜ್ಯಾಬ್, ಎರಡನೆಯದಕ್ಕೆ ತಡೆ. ಮೀಟರ್ ಆಮೇಲೆ ನೋಡಿ, ಆಡುವಾಗ ಕಣ್ಣು ಎದುರಾಳಿಯ ಕಾಲ ಮೇಲಿರಲಿ.

ಆನ್‌ಲೈನ್‌ನಲ್ಲಿ ರೋಲ್‌ಬ್ಯಾಕ್ ಇದೆ: ಎದುರಾಳಿ ಒತ್ತಿದ್ದು ತಡವಾಗಿ ತಲುಪಿದರೆ ಆಟ ಹಿಂದೆ ಹೋಗಿ ತಿದ್ದಿಕೊಳ್ಳುತ್ತದೆ. ಕನೆಕ್ಷನ್ ಕೆಟ್ಟರೆ ಹೊಡೆತದ ಮೊದಲ ಫ್ರೇಮ್‌ಗಳೇ ಹಾರಿಹೋಗುತ್ತವೆ, ಎಷ್ಟು ಚೆನ್ನಾಗಿ ಬಿಡಿಸಿದ ಭಂಗಿಯೂ ಕಾಣುವುದಿಲ್ಲ. ಕೇಬಲ್ ಹಾಕಿ ಆಡಿ. ಎದುರಾಳಿ ವೈಫೈ ಆದರೆ ಮ್ಯಾಚ್ ಒಪ್ಪುವ ಮುನ್ನ ಐಕಾನ್ ನೋಡಿ.

ಎಸ್‌ಎನ್‌ಕೆ ಎಂಬ ಬೇರೆ ಕಂಪನಿಯ ಆಟಗಳಿಂದ ಬಂದ ಪಾತ್ರಗಳಾದ ಟೆರ್ರಿ (2024), ಮಾಯ್ (2025) ಇಬ್ಬರೂ ಈ ಆಟದ ಮೈಕಟ್ಟಿಗೆ ಒಗ್ಗಿದ್ದಾರೆ, ಅಂಟಿಸಿದಂತೆ ಕಾಣುವುದಿಲ್ಲ.

ಪಿಸಿಯಲ್ಲಿ 60ಕ್ಕಿಂತ ಕೆಳಗಿಳಿದರೆ ಟೈಮಿಂಗ್ ಪೂರ್ತಿ ಹಾಳು, ಹಾಗಾಗಿ ಚಿತ್ರದ ಗುಣಮಟ್ಟವನ್ನೇ ಮೊದಲು ಇಳಿಸಿ. ಕೊಳ್ಳುವ ಮುನ್ನ ಉಚಿತ ಡೆಮೊದಲ್ಲಿ ರ್ಯೂ, ಲ್ಯೂಕ್ ಇಬ್ಬರನ್ನೂ ಆಡಿ ನೋಡಬಹುದು.