ಟೂರಿಂಗ್ ಬೈಕಿಗೆ ಬದಲಿ ವಿಂಡ್‌ಶೀಲ್ಡ್: ಎತ್ತರದ್ದೋ, ಮಧ್ಯಮದ್ದೋ?

ಹಾವೇರಿ ಸಮೀಪ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಮುಂದಿದ್ದ ಟಿಪ್ಪರಿನ ಗಾಲಿಯಿಂದ ಸಿಡಿದ ಕಲ್ಲು ನನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕಿನ ವಿಂಡ್‌ಶೀಲ್ಡನ್ನು ಸೀಳಿತು. ಅದರ ಬದಲಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಎರಡು ಬಗೆಯವನ್ನು ಹಾಕಿ ನೋಡಿದೆ: ಗೆಳೆಯರೊಬ್ಬರು ಬಳಸಲು ಕೊಟ್ಟ ಎತ್ತರದ ಅಕ್ರಿಲಿಕ್ ಗಾಜು ಒಂದು, ನಾನೇ ಕೊಂಡ, ಮೇಲಂಚು ಹೊರಬಾಗಿರುವ ಮಧ್ಯಮ ಎತ್ತರದ ಪಾಲಿಕಾರ್ಬೊನೇಟ್ ಗಾಜು ಇನ್ನೊಂದು. ಈಗ ಬೈಕಿನ ಮೇಲಿರುವುದು ಎರಡನೆಯದು. ಮೊದಲನೆಯದನ್ನು ಪುಕ್ಕಟೆ ಕೊಟ್ಟರೂ ನನಗೆ ಬೇಡ.

ಗದಗದಿಂದ ಅಣ್ಣಿಗೇರಿ ಮಾರ್ಗವಾಗಿ ಹುಬ್ಬಳ್ಳಿಗೆ ಮರಳುವಾಗ ಆಷಾಢದ ಪಡುವಣ ಗಾಳಿ ನೇರವಾಗಿ ಎದುರಾಗುತ್ತದೆ. ಎರೆಹೊಲಗಳ ಆ ಬಯಲಿನಲ್ಲಿ ಅದಕ್ಕೆ ಅಡ್ಡಿಯೇ ಇಲ್ಲ. ಎತ್ತರದ ಗಾಜು ಎದೆಯನ್ನೇನೋ ಪೂರ್ತಿಯಾಗಿ ಕಾಯಿತು. ಆದರೆ ವೇಗ ಗಂಟೆಗೆ 70 ಕಿ.ಮೀ. ದಾಟಿದೊಡನೆ ಹೆಲ್ಮೆಟ್ ಅದುರತೊಡಗಿ, ದೂರದ ಮಾರ್ಗಫಲಕದ ಅಕ್ಷರಗಳು ಓದಲಾಗದಷ್ಟು ಕಲಸಿಹೋಗುತ್ತಿದ್ದವು. ಮನೆ ತಲುಪಿದ ಮೇಲೂ ಕುತ್ತಿಗೆಯ ಬಿಗಿತ ಇಳಿಯುತ್ತಿರಲಿಲ್ಲ.

ಗಾಜಿನ ಹಿಂದೆ ಒತ್ತಡ ಕಡಿಮೆ ಇರುವುದರಿಂದ, ಮೇಲಂಚನ್ನು ದಾಟಿದ ಗಾಳಿ ಸುಳಿಯಾಗಿ ಆ ಕಡೆಗೆ ನುಗ್ಗುತ್ತದೆ; ಐದಡಿ ಹತ್ತಿಂಚು ಎತ್ತರದ ನನ್ನ ಹೆಲ್ಮೆಟ್ ಸರಿಯಾಗಿ ಆ ಸುಳಿಯ ಮಟ್ಟಕ್ಕೇ ಬರುತ್ತಿತ್ತು. ಇದನ್ನು ಖಚಿತಪಡಿಸಿಕೊಳ್ಳುವುದು ಸುಲಭ. ಖಾಲಿ ರಸ್ತೆಯಲ್ಲಿ ಫುಟ್‌ರೆಸ್ಟ್ ಮೇಲೆ ತುಸು ಎದ್ದು ನಿಂತಾಗ ಗಾಳಿಯ ರಭಸ ಹೆಚ್ಚಿದರೂ ಅದುರಾಟ ನಿಂತರೆ, ದೋಷ ಗಾಳಿಯದಲ್ಲ, ಗಾಜಿನ ಅಂಚಿನದು. ಮಧ್ಯಮ ಗಾಜಿನಲ್ಲಿ ಭುಜಕ್ಕೆ ಗಾಳಿ ತಾಗುತ್ತದೆ, ಆದರೆ ಒಂದೇ ಸಮನೆ ತಾಗುತ್ತದೆ. ಬುಡದಲ್ಲಿ ಬಿಟ್ಟಿರುವ ಬೆರಳಗಲದ ಸಂದಿಯಿಂದ ಒಳಬರುವ ಗಾಳಿ ಹಿಂದಿನ ಒತ್ತಡವನ್ನು ಸರಿದೂಗಿಸುವುದರಿಂದ ಸುಳಿಯ ಕಾಟವೂ ತಗ್ಗಿದೆ.

ಮಳೆಯಲ್ಲಿ ಗಾಜಿನ ಮೂಲಕವಲ್ಲದೆ ಅದರ ಮೇಲಿನಿಂದ ನೋಡುವಂತಿರಬೇಕು. ಇದರಲ್ಲೂ ಮಧ್ಯಮವೇ ಗೆದ್ದಿತು.

ಅಕ್ರಿಲಿಕ್‌ಗೆ ಗೀರು ಬೇಗ ಬೀಳುವುದಿಲ್ಲ, ಆದರೆ ಕಲ್ಲಿನ ಪೆಟ್ಟಿಗೆ ಅದು ಸೀಳುತ್ತದೆ. ಪಾಲಿಕಾರ್ಬೊನೇಟ್ ಪೆಟ್ಟು ತಾಳುತ್ತದೆ, ಆದರೆ ಅದರ ಮೈ ಮೃದು. ನಮ್ಮ ಕಡೆಯ ಧೂಳನ್ನು ಒಣಬಟ್ಟೆಯಿಂದ ಒರೆಸಿದರೆ ಗೀರುಗಳು ಉಳಿದುಬಿಡುತ್ತವೆ. ಮೊದಲು ಧಾರಾಳವಾಗಿ ನೀರು ಹಾಕಬೇಕು. ಪೆಟ್ರೋಲನ್ನೂ ಅಮೋನಿಯಾ ಇರುವ ದ್ರಾವಣಗಳನ್ನೂ ಹತ್ತಿರ ಸೇರಿಸಬಾರದು. ಮೆಕ್ಯಾನಿಕ್ ಸ್ಕ್ರೂಗಳಿಗೆ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟುದ್ರವ) ಹಚ್ಚಲು ಹೊರಟಾಗ ನಾನು ತಡೆದೆ: ಆ ದ್ರವ ತಾಗಿದರೆ ತೂತಿನ ಸುತ್ತ ಬಿರುಕು ಬಿಡುತ್ತದೆ. ರಬ್ಬರ್ ವಾಷರ್ ಇಟ್ಟು ಹಗುರವಾಗಿ ಬಿಗಿದರೆ ಸಾಕು.

ನನಗೆ ಮಧ್ಯಮ ಗಾಜು ಎರಡು ಸಾವಿರ ರೂಪಾಯಿಯೊಳಗೆ ಸಿಕ್ಕಿತು. ಎತ್ತರದ್ದಕ್ಕೆ ಗೆಳೆಯರು ಅದರ ದುಪ್ಪಟ್ಟು ತೆತ್ತಿದ್ದರು. ನನ್ನ ಓಡಾಟವೆಲ್ಲ ಹಗಲಿನದು, ಹೆಚ್ಚೆಂದರೆ ಹೊಸಪೇಟೆಯವರೆಗೆ. ಚಳಿಗಾಲದ ನಸುಕಿನಲ್ಲಿ ಹೊರಟು ಪುಣೆಯವರೆಗೆ ಸಾಗುವವರು ಎತ್ತರದ್ದನ್ನೇ ಬಯಸಿದರೆ, ಮೇಲೆ ಕೆಳಗೆ ಸರಿಸಬಹುದಾದ ಬ್ರಾಕೆಟ್ ಇರುವುದನ್ನು ನೋಡಿ ಕೊಳ್ಳಲಿ.